ವಸಂತಿ ಎತ್ತಿದ ಎಲೆ

ಶೈಲಾ, ನಿನ್ನ ಅಮ್ಮನನ್ನು ತಡಮಾಡಿಸಿದವಳು ನಾನು. ಎದೆಯ ಗಂಟನ್ನು ತೋರಿಸಲು ಮಂಗಳೂರಿಗೆ ಹೊರಟಿದ್ದವಳನ್ನು, ಒಂದು ಇಸ್ಪೀಟು ಎಲೆ ಮುಂದಿಟ್ಟು, ಮನೆಯಲ್ಲಿ ಕೂರಿಸಿದೆ. ಆ ಎಲೆಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲವೆಂಬುದು ನನಗೆ ಆಗಲೇ ಗೊತ್ತಿತ್ತು — ಈ ಮಾತನ್ನು ಎರಡು ಸಲ ಓದು, ಪ್ಲೀಸ್. ನಂಬಿ ತಪ್ಪು ಹೇಳಿದವಳಲ್ಲ ನಾನು. ಗೊತ್ತಿದ್ದೇ ಹೇಳಿದವಳು.

ಇಷ್ಟು ಬರೆದು, ಎದ್ದು ಹೋಗಿ, ನೀರು ಕುಡಿದು ಬಂದೆ. ಎಪ್ಪತ್ತೇಳನೇ ವಯಸ್ಸಿನ ಆಯಾಸ ಇದಲ್ಲ. ಅದು ಬೇರೆ, ಅದರ ಪರಿಚಯ ನನಗಿದೆ. ಇದು ಹೆದರಿಕೆ. ನೀನು ಇದನ್ನು ಓದುವಾಗ ನಿನ್ನ ಮುಖ ಹೇಗಾಗಬಹುದೆಂಬ ಹೆದರಿಕೆ. ಅದಕ್ಕಿಂತ ದೊಡ್ಡದು — ನೀನು ಓದುವುದು ತಡವಾದರೆ ಎಂಬುದು.

ನಿನ್ನೆ ಮಂಗಳವಾರ ನೀನು ಬಂಟ್ವಾಳದಿಂದ ಬಂದೆ. ಚಪ್ಪಲಿ ಕಳಚುವ ಮೊದಲೇ ಕೇಳಿದೆ, "ಆಂಟಿ, ಆ ನೀಲಿ ಪೆಟ್ಟಿಗೆ ಇನ್ನೂ ಉಂಟಲ್ಲ?" ನಾನು ಉಂಟು ಎಂದೆ. ನೀನು ಚಹಾ ಬೇಡ ಎಂದೆ. ಸೋಫಾದ ತುದಿಯಲ್ಲಿ ಕೂತು, ಬ್ಯಾಗಿನಿಂದ ಒಂದು ಚೀಟಿ ತೆಗೆದು, ಮಡಿಸಿ, ಮತ್ತೆ ಬಿಡಿಸಿ —

"ನಂಗೂ ಕೈಗೆ ಒಂದು ಸಿಗ್ತಾ ಉಂಟು ಆಂಟಿ. ಬಟಾಣಿಯಷ್ಟು. ಅಮ್ಮನ ವಿಷಯ ಕೇಳಿದ ಮೇಲೆ ಡಾಕ್ಟ್ರು ಕೂಡ್ಲೇ ಸ್ಕ್ಯಾನ್ ಮಾಡಿಸಿ ಅಂತ ಹೇಳಿದ್ರು. ಚೀಟಿ ಬರೆದು ಕೊಟ್ಟು ಹದಿನೈದು ದಿನ ಆಯ್ತು. ನಂಗೆ ಧೈರ್ಯ ಬರುದಿಲ್ಲ. ನೀವು ಒಂದು ಎಲೆ ತೆಗೆಸಿ. ಅಮ್ಮನಿಗೆ ನಿಮ್ಮ ಎಲೆ ಅಂದ್ರೆ ಎಷ್ಟು ನಂಬಿಕೆ ಇತ್ತು, ನಿಮಗೇ ಗೊತ್ತುಂಟಲ್ಲ."

ನನಗೆ ಗೊತ್ತುಂಟು. ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಆಗ ನಾನೇನು ಹೇಳಿದೆ? "ಎದ್ದೇಳು, ಈಗಲೇ ಹೋಗುವ" ಎಂದೆನಾ? ಇಲ್ಲ. "ಇವತ್ತು ಬೇಡ ಮಗ, ಶನಿವಾರ ಬಾ" ಎಂದೆ. ನೀನು ಒಂದು ದೀರ್ಘ ಉಸಿರು ಬಿಟ್ಟು, ಆ ಚೀಟಿಯನ್ನು ಬ್ಯಾಗಿನ ಒಳಖಾನೆಗೆ ಹಾಕಿ, ಜಿಪ್ ಎಳೆದೆ. ನಿನ್ನ ಮುಖದಲ್ಲಿ ಒಂದು ಸಮಾಧಾನ ಬಂತು. ಆ ಸಮಾಧಾನವನ್ನು ನಾನು ಹಿಂದೆ ಒಮ್ಮೆ ನೋಡಿದ್ದೇನೆ, ಅದೇ ಸೋಫಾದಲ್ಲಿ. ನೀನು ಗೇಟು ದಾಟಿದ ಮೇಲೆ ನನಗೆ ತಿಳಿಯಿತು. ಅದೇ ಬಾಯಿ, ಮತ್ತೊಮ್ಮೆ, ದಿನ ಮುಂದೆ ಹಾಕಿತ್ತು.

ಅದಕ್ಕೇ ಬರೆಯುತ್ತಿದ್ದೇನೆ. ಮೊದಲಿನಿಂದ ಹೇಳುತ್ತೇನೆ. ನಡುವೆ ನಿಲ್ಲಿಸಬೇಡ.

ನನ್ನ ಅಣ್ಣನ ಮಗ ಅಜಿತನನ್ನು ನೀನು ನೋಡಿದ್ದೀ — ಗಡ್ಡದವನು, ಮಾಡರ್ನ್ ಆರ್ಟಿಸ್ಟ್. ಆಗ ಮಿಜಾರಿನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದ. ಏಳು ವರ್ಷದ ಕೆಳಗೆ ಅವನು ಒಂದು ಇಸ್ಪೀಟು ಕಟ್ಟು ಮಾಡಿದ. ಐವತ್ತೆರಡು ಎಲೆ, ದಪ್ಪ ಕಾಗದ, ಕಪ್ಪು ಶಾಯಿ. ಮೂಲೆಯಲ್ಲಿ ಕಂಡೂ ಕಾಣದಷ್ಟು ಸಣ್ಣದಾಗಿ ನಂಬರು, ಸ್ಪೇಡು, ಡೈಮಂಡು. ಉಳಿದ ಜಾಗದಲ್ಲೆಲ್ಲ ಗೀಚು. ರಾಜನಿಲ್ಲ, ರಾಣಿಯಿಲ್ಲ, ಗುಲಾಮನಿಲ್ಲ. ಒಂದರಲ್ಲಿ ಹಲ್ಲು ಮುರಿದ ಬಾಚಣಿಗೆಯಂಥದ್ದು, ಒಂದರಲ್ಲಿ ಅರ್ಧಕ್ಕೆ ನಿಂತ ಏಣಿ, ಒಂದರಲ್ಲಿ ಬರೀ ಚುಕ್ಕೆಗಳು, ಒಂದರಲ್ಲಿ ನೂಲಿನ ಗೋಜಲು. ಎಕ್ಸಿಬಿಷನ್ ಮುಗಿಸಿ ಬಂದು ಒಂದು ನೀಲಿ ಪೆಟ್ಟಿಗೆಯಲ್ಲಿಟ್ಟು ನನಗೊಂದು ಕಟ್ಟು ಕೊಟ್ಟ. "ಅತ್ತೆ, ನಿಮ್ಮ ಬುಧವಾರದ ರಮ್ಮಿಗೆ" ಎಂದ.

"ಇದರ ಮೀನಿಂಗ್ ಏನೋ?" ಎಂದೆ.

"ಮೀನಿಂಗ್ ಇಲ್ಲ ಅತ್ತೆ, ಅದೇ ಇದರ ಸುಖ. ಕಸ್ಟಮರ್ ಕೇರಿನವರು ಫೋನಲ್ಲಿ ಹೋಲ್ಡ್ ಮಾಡಿ ಅಂತ ಹೇಳ್ತಾರಲ್ಲ, ಆಗ ಕೈ ತನ್ನಷ್ಟಕ್ಕೆ ಗೀಚ್ತದೆ. ಅದೇ ಇದು."

ಎರಡು ವರ್ಷ, ಒಂದು ಕಿವಿಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಗೀಚಿದ ಚೂರುಗಳನ್ನೆಲ್ಲ — ಲಕೋಟೆಯ ಬೆನ್ನು, ಕರೆಂಟ್ ಬಿಲ್ಲು, ಮದುವೆ ಕಾಗದ — ಎತ್ತಿಟ್ಟಿದ್ದನಂತೆ. ಅದರಲ್ಲಿ ಐವತ್ತೆರಡನ್ನು ಆರಿಸಿದ್ದು. ಕೂತು ಒಂದೊಂದರ ಕತೆ ಹೇಳಿದ. ಇದು ಬ್ಯಾಂಕಿನವರದ್ದು, ಇದು ಇಂಟರ್‌ನೆಟ್‌ನವರದ್ದು. ಸ್ಪೇಡ್ ಏಳು ಎತ್ತಿ ತೋರಿಸಿದ. ದಪ್ಪ ಗೆರೆಯ ಒಂದು ಸುರುಳಿ, ಒಳಗೊಳಗೆ ಸುತ್ತುತ್ತ ಹೋಗಿ ನಡುವಿನಲ್ಲಿ ಒಂದು ಬೊಟ್ಟು. "ಇದು ಗ್ಯಾಸ್ ಸಿಲಿಂಡರು. ಹನ್ನೊಂದು ನಿಮಿಷ ಹೋಲ್ಡಿನಲ್ಲಿ ಇಟ್ಟಿದ್ರು. ಪೆನ್ನು ತಿರುಗಿದ್ದೇ ತಿರುಗಿದ್ದು." ನಾವಿಬ್ಬರೂ ನಕ್ಕೆವು.

ಹಾಗಾಗಿ ಶೈಲಾ, ನನಗೆ ಗೊತ್ತಿತ್ತು.

ಬುಧವಾರ ಮಧ್ಯಾಹ್ನ ಮೂವರು ಸೇರಿದೆವು — ನಿನ್ನ ಅಮ್ಮ, ಫಿಲ್ಲು ಬಾಯಿ, ನಾನು. ಫಿಲ್ಲು ಎಲೆಗಳನ್ನು ಕೈಯಲ್ಲಿ ಬೀಸಣಿಗೆಯ ಹಾಗೆ ಹರಡಿ, "ದೇವಾ! ಇದೆಂಥದು, ಕೋಳಿ ಕೆದಕಿದ ಅಂಗಳವಾ? ರಾಣಿ ಎಲ್ಲಿ ಮಾರಾಯ್ತಿ?" ಎಂದಳು. ನಿನ್ನ ಅಮ್ಮ ಕನ್ನಡಕದ ಮೇಲಿನಿಂದ ಬಗ್ಗಿ ನೋಡಿ, "ನಿನ್ನ ಅಳಿಯನ ಸೈನು ಹೀಗೇ ಅಲ್ವಾ ಬಾಯಮ್ಮ? ಸುಮತಿಯಕ್ಕನ ಅಣ್ಣನ ಮಗ ಅದನ್ನು ಕದ್ದದ್ದು" ಎಂದಳು. ಫಿಲ್ಲು ನಕ್ಕೂ ನಕ್ಕೂ ಕೆಮ್ಮು ಬಂದು ನೀರು ಕೊಡಬೇಕಾಯಿತು. ಆ ದಿನ ರಮ್ಮಿ ಸಾಗಲಿಲ್ಲ. ಎಲೆ ಕೈಗೆ ಬಂದರೆ ಸಾಕು, ಎಲ್ಲರೂ ಆಟ ಬಿಟ್ಟು ಗೆರೆಯಲ್ಲಿ ಏನು ಕಾಣುತ್ತದೆ ಎಂದು ಹುಡುಕುವವರೇ.

ಆಗ ನಾನು, ತಮಾಷೆಗೆ, "ಒಂದೊಂದು ಎಲೆ ತೆಗೆಯಿರಿ, ನಿಮ್ಮ ಹಣೆಬರಹ ಹೇಳ್ತೇನೆ" ಎಂದೆ.

ತಮಾಷೆ ಎಂದು ಬರೆದೆ. ಪೂರ್ತಿ ತಮಾಷೆಯಲ್ಲ. ಈ ಕೆಲಸ ನನಗೆ ಹೊಸದಾಗಿರಲಿಲ್ಲ. ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಮಾಮೂಲಿ ಇಸ್ಪೀಟು ಹಿಡಿದು ಹುಡುಗಿಯರಿಗೆ ಭವಿಷ್ಯ ಹೇಳುತ್ತಿದ್ದೆ. ಒಂದು ದಿನ ಸಿಸ್ಟರ್ ಕೈಗೆ ಸಿಕ್ಕಿಬಿದ್ದೆ. ಅವರು ಬೈಯಲಿಲ್ಲ. "ಚೈಲ್ಡ್, ಇನ್ನೊಬ್ಬರ ಹೆದರಿಕೆಯ ಜೊತೆ ಆಟ ಆಡಬಾರದು" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ, ಎಲೆಗಳನ್ನು ಕಿಸೆಗೆ ಹಾಕಿಕೊಂಡು ಹೋದರು. ನನಗೆ ಇದ್ದದ್ದು ಒಂದೇ ವಿದ್ಯೆ — ಎಲೆ ನೋಡುವ ಹಾಗೆ ಮಾಡಿ ಮುಖ ನೋಡುವುದು. ಎದುರಿನವರು ಯಾವ ಮಾತಿಗೆ ಉಸಿರು ಹಿಡಿಯುತ್ತಾರೆ, ಯಾವ ಮಾತಿಗೆ ಬಿಡುತ್ತಾರೆ ಎಂದು ನೋಡುತ್ತ ಹೋದರೆ, ಅವರೇ ಎಲ್ಲವನ್ನೂ ಹೇಳಿಬಿಡುತ್ತಾರೆ.

ಫಿಲ್ಲುವಿಗೆ "ಬಾಗಿಲು ತೆರೆದ ಹಾಗೆ ಉಂಟು" ಎಂದೆ. ನಾಲ್ಕು ದಿನದಲ್ಲಿ ಅವಳ ಮಗನಿಗೆ ದುಬೈ ವೀಸಾ ಬಂತು. ನಿನ್ನ ಅಮ್ಮನ ಒಂದು ಬೆಂಡೋಲೆ ಕಳೆದುಹೋಗಿತ್ತು, "ನೀರಿನ ಹತ್ತಿರ ನೋಡು" ಎಂದೆ. ನಮ್ಮ ಊರಿನಲ್ಲಿ ನೀರಿನ ಹತ್ತಿರ ಅಲ್ಲದ್ದು ಯಾವುದುಂಟು ಹೇಳು! ಬಟ್ಟೆ ಒಗೆಯುವ ಕಲ್ಲಿನ ಸಂದಿನಲ್ಲಿ ಸಿಕ್ಕಿತು. ಅಷ್ಟೇ ಸಾಕಾಯಿತು. ಮಾತು ಹಬ್ಬಿತು. ಕಕ್ಕಿಂಜೆಯಿಂದ ಒಬ್ಬಳು ಎರಡು ಬಸ್ಸು ಬದಲಿಸಿ ಬಂದು, ಉಜಿರೆಯ ಹಾಸ್ಟೆಲಿನಲ್ಲಿರುವ ಮಗಳು ಮನೆಗೆ ಫೋನು ಯಾಕೆ ಮಾಡುವುದಿಲ್ಲ ಎಂದು ಕೇಳಿದಳು.

ನಮ್ಮ ಕಡೆ ಏನಾದರೂ ಕೆಟ್ಟದಾದರೆ ಜೋಯಿಸರಲ್ಲಿ ಹೋಗಿ ಪ್ರಶ್ನೆ ಇಡುತ್ತಾರೆ. ಅವರು ಕವಡೆ ಹರಡಿ, ಯಾವ ದೈವದ ಮುನಿಸು, ಯಾವ ನಾಗನ ದೋಷ, ಪರಿಹಾರ ಏನು, ಎಷ್ಟು ದಿನದಲ್ಲಿ ಗುಣ ಎಂದು ಹೇಳುತ್ತಾರೆ. ಅದು ಇಡೀ ಕುಟುಂಬ ಕೂತು, ಗಂಡಸರು ಮುಂದೆ ನಿಂತು ಮಾಡಿಸುವ ದೊಡ್ಡ ಸಂಗತಿ. ಒಬ್ಬ ಹೆಂಗಸು ತನ್ನೊಬ್ಬಳ ದೇಹದ ವಿಷಯ ಹಿಡಿದುಕೊಂಡು ಅಲ್ಲಿಗೆ ಹೋಗಲು ಸಾಧ್ಯವಿಲ್ಲ. ಅವಳು ನನ್ನ ಮನೆಗೆ ಬರುತ್ತಿದ್ದಳು. ಬರುವಾಗ ಒಂದು ಮುಳ್ಳುಸೌತೆ, ನಾಲ್ಕು ಬಾಳೆಹಣ್ಣು. ನಾನು ಇಂಗ್ಲಿಷ್ ಕಲಿತವಳು, ಸುಳ್ಳು ಹೇಳಲಿಕ್ಕಿಲ್ಲ ಎಂಬ ನಂಬಿಕೆ ಬೇರೆ. ಆನೆಸ್ಟ್ಲಿ ಹೇಳುತ್ತೇನೆ, ನನಗೆ ಅದು ಹಿತವಾಗಿತ್ತು. ಗಂಡ ಹೋದ ಮೇಲೆ ನನ್ನ ಮಾತಿಗೆ ಕಿವಿಗೊಡುವವರೇ ಇರಲಿಲ್ಲ. ಈಗ ಜನ ನನ್ನ ತುಟಿ ಅಲುಗುವುದನ್ನೇ ಕಾಯುತ್ತಿದ್ದರು.

ಇನ್ನು ಆ ದಿನ.

ಆರು ವರ್ಷದ ಹಿಂದೆ, ಜಡಿಮಳೆಯ ಆಟಿ ತಿಂಗಳು ಹಿಡಿದು ಎರಡೋ ಮೂರೋ ದಿನವಾಗಿತ್ತು. ಬುಧವಾರವಲ್ಲ. ಮೂರು ಗಂಟೆಗೆ ನಿನ್ನ ಅಮ್ಮ ಒಬ್ಬಳೇ ಬಂದಳು. ಬಾಗಿಲು ತಾನೇ ಹಾಕಿಕೊಂಡಳು. ಸೆರಗಿನ ಒಳಗೆ ಕೈಯಿಟ್ಟು, ನನ್ನನ್ನು ನೋಡದೆ ಹೇಳಿದಳು —

"ಅಕ್ಕ, ಇಲ್ಲಿ ಒಂದು ಗಟ್ಟಿ ಉಂಟು. ಕಡಲೆಯಷ್ಟು. ನೋವಿಲ್ಲ. ಪೇಟೆಯ ಡಾಕ್ಟ್ರು ಮಂಗಳೂರಿಗೆ ಹೋಗಿ ತೋರಿಸಿ ಅಂತ ಹೇಳಿದ್ದಾರೆ. ಶುಕ್ರವಾರ ಹೋಗುವ ಅಂತ ಉಂಟು. ಶೈಲನಿಗೆ ಹೇಳ್ಲಿಲ್ಲ, ಅವಳು ಹೆದರ್ತಾಳೆ. ನೀವೊಂದು ಎಲೆ ತೆಗೆಸಿ."

ಇಲ್ಲಿ ನಾನು ಹೇಳಬೇಕಾದ್ದು ಇನ್ನೊಂದಿದೆ. ಯಾರಿಗೂ ಹೇಳಿದ್ದಿಲ್ಲ, ಫಿಲ್ಲುವಿಗೂ ಇಲ್ಲ. ಆ ದಿನಕ್ಕೆ ಹನ್ನೊಂದು ದಿನ ಮೊದಲು, ಸ್ನಾನ ಮಾಡುವಾಗ, ನನ್ನ ಕೈಗೂ ಒಂದು ಗಂಟು ಸಿಕ್ಕಿತ್ತು. ಎಡಗಡೆ. ಹನ್ನೊಂದು ದಿನದಿಂದ ನಾನು ಆ ಕಡೆ ಸೋಪು ಹಾಕುವುದನ್ನೇ ಬಿಟ್ಟಿದ್ದೆ. ಮುಟ್ಟದಿದ್ದರೆ ಇಲ್ಲ — ಹಾಗೆ. ನನ್ನ ದೊಡ್ಡಮ್ಮ ಅದರಲ್ಲೇ ಹೋದವರು. ಅವರ ಕೋಣೆಯ ವಾಸನೆ ನನಗೆ ಇನ್ನೂ ಮೂಗಿನಲ್ಲಿದೆ. ನಿನ್ನ ಅಮ್ಮ ತನ್ನ ಗಂಟಿನ ಮಾತು ಎತ್ತಿದಾಗ ನನಗೆ ಅವಳು ಕಾಣಲಿಲ್ಲ, ಶೈಲಾ. ನಾನೇ ಕಂಡೆ.

ಪೆಟ್ಟಿಗೆ ತಂದೆ. ಅವಳು ಕಣ್ಣು ಮುಚ್ಚಿ, ಕೈ ಮುಗಿದು, ಒಂದು ಎಲೆ ಎತ್ತಿದಳು. ಸ್ಪೇಡ್ ಏಳು. ಆ ಸುರುಳಿ.

ನಾನು ಬಾಯಿ ತೆರೆಯುವ ಮೊದಲೇ ಅವಳು ಹಿಂದೆ ಸರಿದಳು. "ನಾಗ ಅಲ್ವಾ ಅಕ್ಕ ಇದು? ಹೆಡೆ ಮಡಚಿ ಮಲಗಿದ ಹಾಗೆ! ನೋಡಿ, ಇಲ್ಲಿ ಕಣ್ಣು." ಅವಳು ಆ ಬೊಟ್ಟಿನ ಮೇಲೆ ಬೆರಳಿಟ್ಟಳು. ಬೆಳ್ತಂಗಡಿಯಲ್ಲಿ ಅವಳ ತವರಿನ ನಾಗಬನದ ಅಂಚಿನ ಮರವನ್ನು ಹಿಂದಿನ ವರ್ಷ ಮಾರ್ಗ ಅಗಲ ಮಾಡುವಾಗ ಕಡಿದಿದ್ದರಂತೆ. ಅಂದಿನಿಂದ ಅವಳ ಅಣ್ಣನಿಗೆ ಚರ್ಮದ ತುರಿಕೆ. "ಈಗ ನನ್ನ ಮೈಗೆ ಬಂತು. ನಾಗನ ಉಪದ್ರವವೇ ಅಲ್ವಾ ಅಕ್ಕ?"

ಅಲ್ಲ ವಸಂತಿ, ಇದು ಗ್ಯಾಸ್ ಸಿಲಿಂಡರು, ಹನ್ನೊಂದು ನಿಮಿಷದ ಹೋಲ್ಡು — ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಗಂಟು ನಾಗನದ್ದಾದರೆ ನನ್ನದೂ... ಅವಳದ್ದು ಹಾಲೆರೆದರೆ ಇಳಿಯುವಂಥದ್ದಾದರೆ ನನ್ನದೂ... ಆ ವಾಕ್ಯವನ್ನು ನಾನು ಮನಸ್ಸಿನಲ್ಲಿಯೂ ಪೂರ್ತಿ ಮಾಡಲಿಲ್ಲ. ಅವಳಿಗೆ ಹೇಳಿದೆ, ನನ್ನ ಕಿವಿಗೆ ಕೇಳಲೆಂದು ಹೇಳಿದೆ —

"ಇರಬಹುದು. ಈಗ ಆಟಿ. ಆಟಿ ಕಳೆಯಲಿ. ನಾಗನಿಗೆ ನಡಕೊಳ್ಳಬೇಕಾದ್ದು ನಡಕೋ. ಅದು ತಾನಾಗಿ ಇಳೀತದೆ."

ಆಟಿಯಲ್ಲಿ ನಾವು ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಕಾಯುವುದು ನಮಗೆ ರಕ್ತದಲ್ಲಿಯೇ ಬಂದದ್ದು. ಆ ಕಾಯುವಿಕೆಯ ಒಳಗೆ ಒಂದು ಸ್ಕ್ಯಾನನ್ನೂ ಸೇರಿಸಿಬಿಟ್ಟೆ. ಬೇರೆ ಊರಿನವಳಾಗಿದ್ದರೆ ನಿನ್ನ ಅಮ್ಮ ವಾದಿಸುತ್ತಿದ್ದಳೋ ಏನೋ. ಅವಳಿಗೆ ಇದಕ್ಕಿಂತ ಸಹಜವಾದ ಮಾತು ಇನ್ನೊಂದಿರಲಿಲ್ಲ. ನಮ್ಮ ಜೈನರ ಮನೆಗಳಲ್ಲಿಯೂ ನಾಗನಿಗೆ ನಡೆದುಕೊಳ್ಳುವುದುಂಟು, ನಾಗನ ಬಗ್ಗೆ ನಾನು ಹಗುರವಾಗಿ ಬರೆಯುತ್ತಿಲ್ಲ. ನಾಗನ ಹೆಸರನ್ನು ಹಗುರ ಮಾಡಿದವಳು ನಾನು.

ಅವಳ ಮುಖ ಬಿಚ್ಚಿಕೊಂಡಿತು. "ನಿಮ್ಮ ಬಾಯಿಯಿಂದ ಕೇಳಿಯೇ ಅರ್ಧ ಗುಣ ಆಯ್ತಕ್ಕ" ಎಂದು ನಕ್ಕಳು. "ಇನ್ನು ಚಹಾ ಮಾಡಿ, ಶುಂಠಿ ಜಾಸ್ತಿ ಹಾಕಿ" ಎಂದಳು. ಶುಕ್ರವಾರ ಅವಳು ಹೋಗಲಿಲ್ಲ.

ಮುಂದಿನ ಗುರುವಾರ ನಾನು ಹೋದೆ.

ಹೌದು. ನಾನು ಹೋದೆ. ವಸಂತಿಯ ಹತ್ತಿರ, ನನ್ನ ಕನ್ನಡಕ ಬದಲಿಸಲಿಕ್ಕೆ ಎಂದೆ. ಬೆಳಗಿನ ಬಸ್ಸು ಹಿಡಿದು, ಸೀರೆಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಂಗಳೂರು ಮುಟ್ಟಿದೆ. ಯಾವ ನಾಗನನ್ನೂ ನಾನು ಕೇಳಲಿಲ್ಲ, ಯಾವ ಎಲೆಯನ್ನೂ ತೆಗೆಯಲಿಲ್ಲ. ಆ ದಿನ ಅವಳು ಚಹಾ ಕುಡಿದು ಮನೆಗೆ ಹೋದ ಮೇಲೆ ನನ್ನ ಮಾತು ನನ್ನ ಮೇಲೆಯೇ ಕೆಲಸ ಮಾಡಲಿಲ್ಲ ನೋಡು. ಹೆದರಿಕೆ ಇನ್ನೂ ಜೋರಾಯಿತು. ಸುಳ್ಳಿನ ಔಷಧಿ ಅವಳಿಗೆ ತಾಗಿತು, ನನಗೆ ತಾಗಲಿಲ್ಲ, ಯಾಕೆಂದರೆ ಅರೆದವಳು ನಾನೇ. ಡಾಕ್ಟರು ಸೂಜಿ ಹಾಕಿ ಟೆಸ್ಟಿಗೆ ಸ್ವಲ್ಪ ತೆಗೆದರು. ಐದು ದಿನ ಬಿಟ್ಟು ರಿಪೋರ್ಟಿಗೆ ಮತ್ತೆ ಹೋದೆ. ಆ ಐದು ದಿನ ನಾನು ಅನ್ನ ನುಂಗಿದ್ದು ಹೇಗೆಂದು ನೆನಪಿಲ್ಲ. ಡಾಕ್ಟರು ಕಾಗದ ನೋಡಿ, "ಬಿನೈನ್, ಅಮ್ಮ. ಬರೀ ಕೊಬ್ಬಿನ ಗಂಟು. ಬಂದದ್ದು ಒಳ್ಳೇದಾಯ್ತು, ಇಲ್ಲದಿದ್ರೆ ಸುಮ್ಮನೆ ಹೆದರಿಕೊಂಡು ಇರ್ತಿದ್ರಿ" ಎಂದರು.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ, ಎದುರಿಗೇ ನಿನ್ನ ಅಮ್ಮ. ಕೈಯಲ್ಲಿ ಹಾಲಿನ ಪ್ಯಾಕೆಟು, ಕೇದಗೆ, ಅರಸಿನದ ಎಲೆ. ಮಾರನೇ ದಿನ ನಾಗರಪಂಚಮಿ.

"ಕನ್ನಡಕ ಎಲ್ಲಿ ಅಕ್ಕ?"

"ಸಿಗ್ಲಿಲ್ಲ. ಮುಂದಿನ ವಾರ ಬಾ ಹೇಳಿದ್ರು."

"ಅಯ್ಯೋ, ಎರಡು ಸಲ ಓಡಿಸಿದ್ರಲ್ಲ ನಿಮ್ಮನ್ನು! ಮುಖ ನೋಡಿ ಹೇಗೆ ಬಾಡಿದೆ. ನಾಳೆ ತವರಿಗೆ ಹೋಗ್ತೇನೆ, ನಾಗನಿಗೆ ಹಾಲೆರೆದು ತನು ಹಾಕ್ಲಿಕ್ಕೆ. ನಿಮ್ಮ ಹೆಸರಲ್ಲೂ ಒಂದು ಸೀಯಾಳ ಕೊಡ್ತೇನೆ, ಆಯ್ತಾ?"

ರಿಪೋರ್ಟು ನನ್ನ ಬ್ಯಾಗಿನಲ್ಲಿತ್ತು. ಬ್ಯಾಗು ನನ್ನ ಎದೆಗೆ ಒತ್ತಿಕೊಂಡಿತ್ತು. ಎಲೆ ಎತ್ತಿದ ದಿನ ನಾನು ಹೆದರಿದ್ದೆ. ಆ ದಿನಕ್ಕೆ ಹೆದರಿಕೆ ಎಂಬ ಹೆಸರಾದರೂ ಉಂಟು. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಹೆದರಲು ಏನೂ ಉಳಿದಿರಲಿಲ್ಲ. ನನ್ನ ಜೀವ ನನಗೆ ವಾಪಸ್ ಸಿಕ್ಕಿತ್ತು. ಅವಳ ಕೈ ಹಿಡಿದು "ಬಾ ವಸಂತಿ, ಇದೇ ಬಸ್ಸಿಗೆ ತಿರುಗಿ ಹೋಗುವ" ಎನ್ನಬಹುದಿತ್ತು. ಎನ್ನಲಿಲ್ಲ. ಯಾಕೆಂದರೆ ಅವಳು ಕೇಳುತ್ತಿದ್ದಳು — ಹಾಗಾದ್ರೆ ನಿಮ್ಮ ಎಲೆ ಅಕ್ಕ? ನೀವೇ ನಂಬದ ಎಲೆಯನ್ನು ನನಗೆ ಯಾಕೆ ತೆಗೆಸಿದ್ದು? ಆ ಒಂದು ಪ್ರಶ್ನೆ ಎದುರಿಸಲು ಮುಖ ಇರಲಿಲ್ಲ. ಅಷ್ಟೇ. ಇಷ್ಟು ಚಿಕ್ಕ ಕಾರಣಕ್ಕೆ, ಶೈಲಾ. ಅವಳು ಹಾಲಿನ ಪ್ಯಾಕೆಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಮಾರ್ಗ ದಾಟಿ ಹೋಗುವುದನ್ನು ನೋಡುತ್ತ ನಿಂತೆ.

ಆಟಿ ಕಳೆಯಿತು. ಸೋಣ ತಿಂಗಳು ಬಂತು. ಒಮ್ಮೆ, ಒಂದೇ ಒಂದು ಸಲ, "ಮಂಗಳೂರಿಗೆ ಹೋದ್ಯಾ?" ಎಂದು ಕೇಳಿದೆ, ಎಲೆ ಕಲಸುತ್ತ, ಅವಳ ಮುಖ ನೋಡದೆ. "ನೀವು ಇಳೀತದೆ ಹೇಳಿದ್ರಲ್ಲ, ಇಳೀತಾ ಉಂಟು ಅಕ್ಕ" ಎಂದಳು. ಮುಖ ನೋಡುವುದೇ ನನ್ನ ವಿದ್ಯೆಯಾಗಿತ್ತು. ಆ ದಿನ ಮಾತ್ರ ನೋಡಲಿಲ್ಲ. ಫಿಲ್ಲು ಎಲೆ ಹಂಚಿದಳು. ಆಡಿದೆವು.

ದೀಪಾವಳಿ ಹತ್ತಿರ ಬರುವಾಗ ಚರ್ಮ ಕೆಂಪಾಗಿ, ಒಳಗೆ ಎಳೆದ ಹಾಗಾಗಿ, ಅವಳೇ ನಿನಗೆ ಫೋನು ಮಾಡಿದ್ದು. ಆಸ್ಪತ್ರೆಯ ಕಾರಿಡಾರು ನಿನಗೆ ನೆನಪಿರಬೇಕು. ಡಾಕ್ಟರು "ಕಂಡ ಕೂಡಲೇ ಬರಬೇಕಿತ್ತು" ಎಂದು ಹೇಳಿ ಹೋದ ಮೇಲೆ ನೀನು ಅಲ್ಲೇ ನಿಂತು ಅಮ್ಮನನ್ನು ಬೈದೆ. "ಯಾಕಮ್ಮ ಹೇಳ್ಲಿಲ್ಲ? ಯಾರು ನಿಂಗೆ ಸುಮ್ಮನಿರು ಹೇಳಿದ್ದು?" ನಾನು ಅವಳ ಪಕ್ಕದ ಕುರ್ಚಿಯಲ್ಲಿದ್ದೆ, ಅವಳ ನೀರಿನ ಬಾಟಲಿ ನನ್ನ ತೊಡೆಯ ಮೇಲಿತ್ತು. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ನಿನಗೆ ಹೇಳಿದಳು —

"ಯಾರೂ ಏನೂ ಹೇಳ್ಲಿಲ್ಲ ಮಗ. ನಂಗೇ ಹೆದರಿಕೆ ಆದ್ದು."

ನಾನು ಬಾಟಲಿಯ ಮುಚ್ಚಳ ತಿರುಗಿಸಿ ಗಟ್ಟಿ ಮಾಡಿದೆ. ನೀನು ಅಳುತ್ತ ನನ್ನ ಹೆಗಲಿಗೆ ತಲೆಯಿಟ್ಟೆ. ನಾನು ನಿನ್ನ ಬೆನ್ನು ಸವರಿದೆ. ಆ ಕೈಯನ್ನು ಏನು ಮಾಡಲಿ, ಹೇಳು.

ಆಮೇಲೆ ಒಂದೂವರೆ ವರ್ಷ. ಅವಳ ಕೂದಲು ಹೋಯಿತು, ರುಚಿ ಹೋಯಿತು. ಒಂದು ಮಧ್ಯಾಹ್ನ, ನೀನು ಔಷಧಿ ತರಲು ಹೋಗಿದ್ದಾಗ, ನಾನೇ ಕೇಳಿದೆ, "ವಸಂತಿ, ಅವತ್ತು ಶೈಲನಿಗೆ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವಳು ನಿಮ್ಮ ಮನೆಗೆ ಬರುದು ನಿಲ್ಲಿಸ್ತಾಳೆ. ಆಮೇಲೆ ನಿಮಗೆ ಯಾರು ಉಂಟಕ್ಕ? ನೀವೇನು ಬೇಕಂತ ಹೇಳಿದ್ದಾ? ಎಲೆಯಲ್ಲಿ ಕಂಡದ್ದು ಹೇಳಿದ್ರಿ. ಎಲೆ ತಪ್ಪಿತು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದಳು, "ಅಕ್ಕ, ನೀವೂ ಒಮ್ಮೆ ತೋರಿಸಿ. ನಿಮ್ಮ ದೊಡ್ಡಮ್ಮನಿಗೆ ಇತ್ತಲ್ಲ. ನಾನು ಮಾಡಿದ ಹಾಗೆ ಮಾಡ್ಬೇಡಿ."

ನಾನು "ಆಯ್ತು" ಎಂದೆ.

ಅವಳು ಕ್ಷಮಿಸಿದ್ದು ನಂಬಿ ತಪ್ಪಿದ ಒಬ್ಬ ಅಕ್ಕನನ್ನು. ಅಂಥ ಅಕ್ಕ ಇರಲೇ ಇಲ್ಲ. ತನ್ನನ್ನು ತೋರಿಸಿಕೊಂಡು ಬಂದು, ಅವಳಿಗೆ ಹೇಳದೆ, ಕನ್ನಡಕದ ಸುಳ್ಳು ಹೇಳಿದವಳ ವಿಷಯ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಹೇಳಲು ಇನ್ನೂ ಹತ್ತೊಂಬತ್ತು ದಿನ ಇತ್ತು. ಹತ್ತೊಂಬತ್ತು ದಿನವೂ ನಾನು ಅವಳ ಮಂಚದ ಪಕ್ಕ ಕೂತು ಗಂಜಿ ಕುಡಿಸಿದೆ, ಹೇಳಲಿಲ್ಲ. ನೀನು ಊರಿಗೆಲ್ಲ "ಸುಮತಿ ಆಂಟಿ ಇಲ್ಲದಿದ್ದರೆ ಅಮ್ಮನನ್ನು ಯಾರು ನೋಡ್ಕೊಳ್ತಿದ್ರು" ಎಂದು ಹೇಳುತ್ತಿದ್ದೆ. ನನ್ನ ಮುಂದೆಯೇ.

ಬೇಗ ಹೋಗಿದ್ದರೆ ಉಳಿಯುತ್ತಿದ್ದಳು ಎಂದು ಯಾವ ಡಾಕ್ಟರೂ ಬರೆದು ಕೊಡಲಾರ. ಇದನ್ನು ನಾನು ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇನ್ನು ಹೇಳಿಕೊಳ್ಳುವುದಿಲ್ಲ. ಉಳಿಯಬಹುದಾಗಿತ್ತು ಎಂಬ ಆ ಒಂದು ಬಾಗಿಲನ್ನು ಮುಚ್ಚಿದ ಕೈ ನನ್ನದು.

ಈ ನಾಲ್ಕು ವರ್ಷದಲ್ಲಿ ಯಾರಿಗೂ ನಾನು ಎಲೆ ತೆಗೆಸಿಲ್ಲ. ಬಂದವರಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಕಳುಹಿಸಿದೆ, ಅದೂ ಸುಳ್ಳೇ. ಪೆಟ್ಟಿಗೆ ಕಪಾಟಿನಲ್ಲಿದೆ. ಅದನ್ನು ಸುಡುವ, ಹೊಳೆಗೆ ಎಸೆಯುವ ನಾಟಕ ನನಗೆ ಬೇಡ. ಅದು ಕಾಗದ. ಒಬ್ಬ ಹುಡುಗನ ಕೈ ಬೇಸರದಲ್ಲಿ ಗೀಚಿದ್ದು. ಅದರ ಮೇಲೆ ಯಾವ ಪಾಪವೂ ಇಲ್ಲ.

ನಿನ್ನೆ ನೀನು ಬರುವವರೆಗೆ ಈ ಗುಟ್ಟು ನನ್ನ ಜೊತೆ ಹೋಗುತ್ತದೆ ಎಂದುಕೊಂಡಿದ್ದೆ. ನೀನು ಆ ಚೀಟಿ ಮಡಿಸಿದೆಯಲ್ಲ — ಈಗ ಗೊತ್ತಾಯಿತು, ನನ್ನ ಸುಳ್ಳು ನಿನ್ನ ಅಮ್ಮನ ಜೊತೆ ಸತ್ತಿಲ್ಲ. ಅವಳ ನಂಬಿಕೆಯಾಗಿ ನಿನ್ನಲ್ಲಿ ಉಳಿದಿದೆ. ನಾನು ಸುಮ್ಮನಿದ್ದಷ್ಟು ದಿನ ಅದು ನಿನ್ನ ಮೈಯಲ್ಲಿ ಕೆಲಸ ಮಾಡುತ್ತಿರುತ್ತದೆ. ನನಗೆ ಹೆದರಿಕೆ ಆಗುತ್ತಿದೆ ಶೈಲಾ. ನೀನು ನನ್ನನ್ನು ಬಿಟ್ಟುಬಿಡುತ್ತೀ ಎಂಬ ಹೆದರಿಕೆ ಇಲ್ಲವೆಂದಲ್ಲ, ಅದೂ ಉಂಟು. ಆದರೆ ಅದರ ಮಾತು ಕೇಳಿ ಕೇಳಿ ಒಬ್ಬಳನ್ನು ಕಳಕೊಂಡೆ.

ಫೋನಿನಲ್ಲಿ ಹೇಳಲು ಹೋದರೆ ನಾನು ನಡುವೆ ಮಾತು ತಿರುಗಿಸುತ್ತೇನೆ, ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಅಂಚೆಗೆ ಹಾಕಿದರೆ ದಿನ ಹೋಗುತ್ತದೆ. ಆದ್ದರಿಂದ ಇದನ್ನು ಕೈಯಲ್ಲಿ ಹಿಡಿದು ನಾಳೆ ಬೆಳಗಿನ ಮೊದಲ ಬಸ್ಸಿಗೆ, ಸಿದ್ದಕಟ್ಟೆ ಮಾರ್ಗವಾಗಿ, ಬರುತ್ತೇನೆ. ನೀನು ಬಾಗಿಲು ತೆಗೆದ ಕೂಡಲೇ ಕೊಡುತ್ತೇನೆ. ಓದಿ ಮುಗಿಯುವವರೆಗೆ ನಿನ್ನ ಗೇಟಿನ ಹೊರಗೆ ನಿಂತಿರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ಬೈಯಬಹುದು, ಬೈಯದೆ ಬಾಗಿಲು ಹಾಕಿಕೊಳ್ಳಲೂಬಹುದು. ಮತ್ತೆ ಎಂದೂ ನಿನ್ನ ಮುಖ ನನಗೆ ತೋರಿಸದೆ ಇರಬಹುದು, ಅದಕ್ಕೆ ನಾನು ಅರ್ಹಳು.

ಆದರೆ ಓದಿ ಮುಗಿದ ಕೂಡಲೇ ನೀನು ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿ, ಸ್ಕ್ಯಾನಿಗೆ ಹೊರಡಬೇಕು. ನಿನ್ನ ಜೊತೆ ಬಾ ಎಂದರೆ ಬರುತ್ತೇನೆ. ಬೇಡವೆಂದರೆ ನೀನು ಹತ್ತಿದ ಬಸ್ಸಿನಲ್ಲೇ ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಆಸ್ಪತ್ರೆಯ ಬಾಗಿಲು ದಾಟಿ ನೀನು ಒಳಗೆ ಹೋದದ್ದನ್ನು ಕಣ್ಣಾರೆ ನೋಡುವವರೆಗೆ.